ವಿಭೂತಿ, ಟಿಕೆಟ್ ಮತ್ತು ತಂಬೂರಿ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತೇರು ಎಳೆಯುವುದು ಒಂದು ದಿನ. ನಾಟಕ ಕಂಪನಿಗಳ ಡೇರೆಗಳು ಮಾತ್ರ ವಾರಗಟ್ಟಲೆ ನಿಲ್ಲುತ್ತವೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ಜನ ರಾತ್ರಿಯಿಡೀ ನಾಟಕ ನೋಡಿ ಬೆಳಗಿನ ಬಸ್ಸು ಹಿಡಿಯುತ್ತಾರೆ. ಅದೇ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವಿದೆ. ಈ ಡೇರೆಗಳಿಗೂ ಆ ಮಂದಿರಕ್ಕೂ ಹಳೆಯ ನಂಟೊಂದಿದೆ. ಅದನ್ನು ಭಕ್ತರು ಹೇಳಿಕೊಳ್ಳುವುದು ಕಡಿಮೆ, ವಿಮರ್ಶಕರು ಬರೆಯುವುದು ಇನ್ನೂ ಕಡಿಮೆ.

ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ವೀರಶೈವ ಮಠಗಳಿಗೆ ಓದು, ಶಿಸ್ತು ಬಲ್ಲ ಸ್ವಾಮಿಗಳನ್ನು ತಯಾರು ಮಾಡುವುದು ಅದರ ಗುರಿ. ಆದರೆ ಹಳ್ಳಿಹಳ್ಳಿಗೆ ಅದರ ಹೆಸರು ಮುಟ್ಟಿದ್ದು ವಿಭೂತಿಯಿಂದ. ಹಸು ಕಟ್ಟಿ, ಸಗಣಿ ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ, ಗಟ್ಟಿ ಮಾಡಿ ಒಣಗಿಸುವ ಈ ಕೆಲಸದಲ್ಲಿ ಪೂಜೆಯೂ ಇದೆ, ಕಸುಬೂ ಇದೆ. ದೇವರ ಹೆಸರಿನ ಸಂಸ್ಥೆಯೊಂದು ಕೈಕೆಸರು ಮಾಡಿಕೊಂಡು ತಯಾರಿಸಿದ ವಸ್ತುವನ್ನು ಬೆಲೆಗೆ ಕೊಡುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ನಾವು ತಿಳಿಯುತ್ತೇವೆ.

ಇದೇ ಕುಮಾರ ಸ್ವಾಮಿಗಳ ಆಸರೆಯಲ್ಲಿ ಬೆಳೆದವರು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕ ಗದಿಗೆಯ್ಯ. ಮುಂದೆ ಅವರೇ ಪಂಚಾಕ್ಷರಿ ಗವಾಯಿಗಳು (1892–1944). ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ಕಲಿತ ಅವರು ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಸೇರಿಸಿಕೊಂಡು ಊರೂರು ತಿರುಗುತ್ತ ಸಂಗೀತ ಶಾಲೆ ನಡೆಸಿದರು. ಕಟ್ಟಡವಿಲ್ಲದ ಶಾಲೆ ಅದು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಪಾಠ ಪುಕ್ಕಟೆ, ಊಟ ಪುಕ್ಕಟೆ. ಹಾಗಾದರೆ ಜೋಳ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಆಶ್ರಮ ಕಂಡುಕೊಂಡ ಉತ್ತರ ವಿಚಿತ್ರವಾದದ್ದು. ಅದು ನಾಟಕ ಕಂಪನಿಯನ್ನೇ ಕಟ್ಟಿತು. ಕಾವಿ ತೊಟ್ಟವರ ಹೆಸರಿನಲ್ಲಿ ಬಣ್ಣ ಹಚ್ಚುವುದು, ಟಿಕೆಟ್ ಹರಿಯುವುದು ಆ ಕಾಲದ ಮಡಿವಂತರಿಗೆ ಹಿಡಿಸುವ ಮಾತಲ್ಲ. ಪಂಚಾಕ್ಷರಿ ಗವಾಯಿಗಳ ಶಿಷ್ಯ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು (1914–2010) ಆ ಕಂಪನಿಗಾಗಿ ನಾಟಕ ಬರೆದರು, ಹಾಡು ಕೂಡಿಸಿದರು, ವಾದ್ಯ ನುಡಿಸಿದರು. ಡೇರೆಯ ಗಲ್ಲಾಪೆಟ್ಟಿಗೆ ಆಶ್ರಮದ ಒಲೆಯನ್ನು ಉರಿಸಿತು.

ಈ ಕಥೆಯನ್ನು ನಾಡು ನೆನಪಿಟ್ಟುಕೊಂಡ ರೀತಿಯ ಬಗ್ಗೆ ನಮಗೆ ತಕರಾರಿದೆ. ಗವಾಯಿಗಳ ಮೇಲೆ ಬಂದ ಬರವಣಿಗೆಯಲ್ಲಿ ಬಹುಪಾಲು ಸ್ತುತಿ. ಪವಾಡಕ್ಕೆ ಅಲ್ಲಿ ಪುಟಗಟ್ಟಲೆ ಜಾಗವಿದೆ, ದುಡಿಮೆಗೆ ಒಂದೆರಡು ಸಾಲು. 1995ರಲ್ಲಿ ಬಂದ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರವನ್ನು ನಿರ್ದೇಶಿಸಿದವರು ವೃತ್ತಿರಂಗಭೂಮಿಯ ಮನೆತನದಿಂದ ಬಂದ ಚಿಂದೋಡಿ ಬಂಗಾರೇಶ್. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಹಾಡುಗಳು ಇಂದಿಗೂ ಜನರ ಬಾಯಲ್ಲಿವೆ. ಆದರೆ ಸಿನಿಮಾಕ್ಕೆ ಭಕ್ತಿಯ ಕಣ್ಣೀರು ಸುಲಭ, ಅಡುಗೆಮನೆಯ ಲೆಕ್ಕ ಕಷ್ಟ. ಗಾನಯೋಗಿ ಎಂದು ಕರೆದು ಕೈಮುಗಿದ ಮೇಲೆ, ಆ ಯೋಗಿ ರಾತ್ರಿಯೆಲ್ಲ ಕೂತು ದುಡಿದ ಸಂಗತಿ ಹಿಂದೆ ಸರಿಯುತ್ತದೆ.

ಕಂಪನಿಯಿಂದ ಸಂಗೀತ ಕೆಟ್ಟಿತೇ ಎಂದು ಕೇಳುವವರಿದ್ದಾರೆ. 'ಒನ್ಸ್ ಮೋರ್' ಕೂಗಿಗೆ ಹಾಡುವವನು ರಾಗವನ್ನು ನಿಧಾನವಾಗಿ ಬೆಳೆಸಲಾರ ಎಂಬುದು ನಿಜ. ಆದರೆ ಬಿತ್ತನೆ ಮುಗಿಸಿ ಬಂದ ರೈತನ ಕಿವಿಗೆ ಐದೇ ನಿಮಿಷದಲ್ಲಿ ರಾಗವನ್ನು ಮುಟ್ಟಿಸುವುದೂ ಒಂದು ವಿದ್ಯೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಖಯಾಲ್ ಹಾಡಿದಷ್ಟೇ ಸಲೀಸಾಗಿ ನಾಟ್ಯಗೀತೆಯನ್ನೂ ವಚನವನ್ನೂ ಹಾಡಿದರು. ಪುಟ್ಟರಾಜರ ಬಳಿ ಹನ್ನೆರಡು ವರ್ಷ ಇದ್ದು ಕಲಿತ ಎಂ. ವೆಂಕಟೇಶ್ ಕುಮಾರ್ ದಾಸರ ಪದ ಎತ್ತಿಕೊಂಡರೆ ಸಂಗೀತ ತಿಳಿಯದವನೂ ಎದ್ದು ಹೋಗುವುದಿಲ್ಲ. ಜನರ ಮುಂದೆ ಬೆಳೆದ ವಿದ್ಯೆಯ ಗುಣ ಇದು.

ನಮಗೆ ಮುಜುಗರ ತರುವುದು ಟಿಕೆಟ್ ಅಲ್ಲ, ತುಲಾಭಾರ. ಪುಟ್ಟರಾಜರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ ತೂಗಿ ಆಶ್ರಮಕ್ಕೆ ಕೊಡುವ ಪದ್ಧತಿ ಊರೂರಿನಲ್ಲಿ ನಡೆಯಿತು. ಆ ಹಣದಿಂದ ಮಕ್ಕಳು ಉಂಡರು, ಅದನ್ನು ಅಲ್ಲಗಳೆಯಲಾರೆವು. ಆದರೆ ಟಿಕೆಟ್ ಕೊಂಡವನು ಹಾಡಿಗೆ ಬೆಲೆ ಕೊಟ್ಟ. ತಕ್ಕಡಿಯ ಮುಂದೆ ನಿಂತವನು ವ್ಯಕ್ತಿಗೆ ಕಾಣಿಕೆ ಕೊಟ್ಟ. ವ್ಯಕ್ತಿ ಹೋದ ಮೇಲೆ ತಕ್ಕಡಿ ಬರಿದಾಗುತ್ತದೆ. ವಿದ್ಯೆಯ ಬೆಲೆ ಹಾಗೆ ಬರಿದಾಗುವುದಿಲ್ಲ.

ಸ್ತುತಿಯ ಭರಾಟೆಯಲ್ಲಿ ಹಿಂದೆ ಸರಿದ ಇನ್ನೊಂದು ಸಂಗತಿಯಿದೆ. ಪಂಚಾಕ್ಷರಿ ಗವಾಯಿಗಳಿಗೆ ಹಿಂದೂಸ್ತಾನಿ ಹೇಳಿಕೊಟ್ಟವರಲ್ಲಿ ನೀಲಕಂಠ ಬುವಾ ಅವರ ಜೊತೆಗೆ ಉಸ್ತಾದ್ ವಹೀದ್ ಖಾನರೂ ಇದ್ದರು. ರಾಜಗುರು ಅವರಂತೂ ಗುರು ತೀರಿಕೊಂಡ ಮೇಲೆ ಹಲವು ಉಸ್ತಾದರ ಮನೆ ಬಾಗಿಲು ತಟ್ಟಿ ಕಲಿತರು. ಮಠದ ಹುಡುಗನಿಗೆ ಮುಸ್ಲಿಮ್ ಗುರು ಸಿಕ್ಕಿದ್ದನ್ನು ಅಂದು ಯಾರೂ ಸೌಹಾರ್ದವೆಂದು ಭಾಷಣ ಮಾಡಲಿಲ್ಲ. ವಿದ್ಯೆ ಇದ್ದಲ್ಲಿಗೆ ಹೋದರು, ಅಷ್ಟೆ. ಇಂದು ಅದನ್ನು ಎತ್ತಿ ಹೇಳಬೇಕಾಗಿ ಬಂದಿರುವುದು ನಮ್ಮ ಕಾಲದ ಬಡತನ.

ಈ ಸೀಮೆಯ ಮಠಗಳು ಕೈಚಾಚಿದ ಬಗೆಗಳು ಹಲವು. ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳು 1906ರಲ್ಲಿ ಹುಟ್ಟುಹಾಕಿದ ವಿದ್ಯಾವರ್ಧಕ ಸಂಘ ಇಂದು ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳವರೆಗೆ ಬೆಳೆದಿದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು 2018ರಲ್ಲಿ ತೀರಿಕೊಳ್ಳುವ ತನಕ ಜೋಳಿಗೆ ಹಿಡಿದು ಜನರ ಕುಡಿತ, ಬೀಡಿಗಳನ್ನೇ ಭಿಕ್ಷೆಯಾಗಿ ಬೇಡಿದರು. ಒಂದು ಕಡೆ ದೊಡ್ಡ ಸಂಸ್ಥೆ, ಇನ್ನೊಂದು ಕಡೆ ಖಾಲಿ ಜೋಳಿಗೆ. ಪುಣ್ಯಾಶ್ರಮದ ಡೇರೆ ಇವೆರಡರ ನಡುವಿನದು. ತನ್ನ ಮಕ್ಕಳು ಕಲಿತದ್ದನ್ನೇ ದುಡಿಮೆಯಾಗಿಸಿ ಉಂಡದ್ದು ಅದರ ವಿಶೇಷ.

ಕೊನೆಗೆ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಮ್ಮಲ್ಲೂ ಯತೀಂಖಾನೆಗಳಿವೆ, ನಡೆಸುವವರ ಪ್ರಾಮಾಣಿಕತೆಯೂ ಇದೆ. ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆ ಬೇರೆ. ಆದರೆ ತಂದೆ ಇಲ್ಲದ ಹುಡುಗನ ಕೈಗೆ ರಸೀದಿ ಪುಸ್ತಕ ಕೊಟ್ಟು ಅಂಗಡಿ ಅಂಗಡಿಗೆ ಕಳಿಸುವುದಕ್ಕೂ, ಅವನ ಕೈಗೆ ಒಂದು ಕಸುಬು ಕೊಟ್ಟು ತಲೆ ಎತ್ತಿ ನಿಲ್ಲಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ. ಕಣ್ಣಿಲ್ಲದ ಹುಡುಗ ಡೇರೆಯಲ್ಲಿ ಹಾರ್ಮೋನಿಯಂ ಮುಂದೆ ಕೂತಾಗ ಜನ ಅವನಿಗೆ ಅಯ್ಯೋ ಪಾಪ ಎನ್ನಲಿಲ್ಲ, ಇನ್ನೊಮ್ಮೆ ಎಂದರು. ಆ ಆಶ್ರಮದ ನಿಜವಾದ ಪವಾಡ ಅದು. ಮುಂದೆ ಗವಾಯಿಗಳ ಬಗ್ಗೆ ಬರೆಯುವವರು ಅಲ್ಲಿಂದ ಶುರು ಮಾಡಲಿ.