ಚಿಲುಮೆಯ ಎರಡು ಅರ್ಥ: ‘ಟಾಮ್ ಸಾಯರ್’ ಕಾದಂಬರಿಯ ಒಂದು ಅಧ್ಯಾಯ ಮತ್ತು ಕನ್ನಡದ ಅನುವಾದಕ

ಮಾರ್ಕ್ ಟ್ವೈನನ ‘ದಿ ಅಡ್ವೆಂಚರ್ಸ್ ಆಫ್ ಟಾಮ್ ಸಾಯರ್’ ಕಾದಂಬರಿ 1876ರಲ್ಲಿ ಪ್ರಕಟವಾಯಿತು. ಅದರ 16ನೆಯ ಅಧ್ಯಾಯದಲ್ಲಿ ಮನೆ ಬಿಟ್ಟು ಬಂದ ಮೂವರು ಹುಡುಗರು ಮಿಸಿಸಿಪ್ಪಿ ನದಿಯ ನಡುಗಡ್ಡೆಯೊಂದರಲ್ಲಿ ಮರದ ನೆರಳಿಗೆ ಒರಗಿ ಹೊಗೆಸೊಪ್ಪು ಸೇದುತ್ತಾರೆ. ಇಬ್ಬರಿಗೆ ಅದು ಮೊದಲ ಸಲ, ಒಬ್ಬನಿಗೆ ನಿತ್ಯದ ರೂಢಿ. ಪ್ರಸಂಗವನ್ನು ಹುಡುಗಾಟಿಕೆಯ ಹಾಸ್ಯವೆಂದು ಓದಿ ಮುಂದೆ ಸಾಗುವುದು ಸುಲಭ. ಮಕ್ಕಳಿಗಾಗಿ ಕಾದಂಬರಿಯನ್ನು ಸಂಗ್ರಹಿಸುವವರಿಗೆ ಇಲ್ಲಿ ಕತ್ತರಿ ಹಾಕಲು ಮನಸ್ಸಾಗುವುದೂ ಸಹಜ. ಕನ್ನಡಕ್ಕೆ ತರುವವರಿಗಾದರೋ ತೊಡಕು ಮೊದಲ ಹೆಜ್ಜೆಯಲ್ಲೇ ಎದುರಾಗುತ್ತದೆ: ಹಕ್ ಫಿನ್ ತನ್ನ ಕೈಯಾರೆ ಮಾಡಿಕೊಟ್ಟ ಆ ವಸ್ತುವನ್ನು ಪೈಪು ಎನ್ನಬೇಕೆ, ಚಿಲುಮೆ ಎನ್ನಬೇಕೆ? ಈ ಸಣ್ಣ ಪ್ರಶ್ನೆಯನ್ನು ಬಿಡದೆ ಹಿಡಿದರೆ ಇಡೀ ಅಧ್ಯಾಯವನ್ನೇ ಬೇರೆ ರೀತಿಯಲ್ಲಿ ಓದಬೇಕಾಗುತ್ತದೆ ಎಂಬುದು ಈ ಲೇಖನದ ನಿಲುವು.

ಮೊದಲು ಪಠ್ಯವನ್ನೇ ನೋಡೋಣ. ನಡುಗಡ್ಡೆಗೆ ಹೊರಡುವ ರಾತ್ರಿ, 13ನೆಯ ಅಧ್ಯಾಯದಲ್ಲಿ, ಮೂವರೂ ಒಂದೊಂದು ವಸ್ತು ತರುತ್ತಾರೆ. ಟಾಮ್ ತಂದದ್ದು ಬೇಯಿಸಿದ ಹಂದಿಮಾಂಸ. ಜೋ ಹಾರ್ಪರ್ ತಂದದ್ದೂ ಹಂದಿಮಾಂಸವೇ. ಹಕ್ ತಂದದ್ದು ಒಂದು ಬಾಣಲೆ, ಅರೆ ಹದವಾದ ಒಂದಷ್ಟು ಹೊಗೆಸೊಪ್ಪು, ಜತೆಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಕೆಲವು ಬೆಂಡುಗಳು. ಸೇದುವ ಅಭ್ಯಾಸ ಅವನೊಬ್ಬನಿಗೇ ಇದೆ ಎಂಬುದನ್ನು ಟ್ವೈನ್ ಅಲ್ಲಿಯೇ ಸೂಚಿಸುತ್ತಾನೆ. ಊಟವಾದ ಮೇಲೆ ಹಕ್ ಒಂದು ಬೆಂಡಿನ ತಿರುಳನ್ನು ಕೊರೆದು ತೆಗೆಯುತ್ತಾನೆ, ಅದಕ್ಕೆ ಯಾವುದೋ ಗಿಡದ ಟೊಳ್ಳು ಕಡ್ಡಿಯನ್ನು ಸಿಕ್ಕಿಸುತ್ತಾನೆ, ಸೊಪ್ಪು ತುಂಬುತ್ತಾನೆ, ಮೇಲೆ ಕೆಂಡವನ್ನೊತ್ತಿ ಎಳೆಯುತ್ತಾನೆ. ಕೊರೆ, ಸಿಕ್ಕಿಸು, ತುಂಬು, ಒತ್ತು: ಒಂದು ಕಸುಬಿನ ಪೂರ್ಣಕ್ರಮ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಶಾಲೆಯ ಮುಖ ಕಾಣದ, ಊರಿನ ತಾಯಂದಿರೆಲ್ಲ ದೂರವಿಡುವ ಹುಡುಗನಿಗೆ ಈ ವಿದ್ಯೆ ಇದೆ. ಓದು ಬಲ್ಲ ಇಬ್ಬರಿಗೆ ಇಲ್ಲ. ಅವರಿಬ್ಬರೂ ಅಸೂಯೆಯಿಂದ ನೋಡುವುದು ಹೊಗೆಯನ್ನು. ಆದರೆ ಪಠ್ಯ ನಮ್ಮ ಮುಂದಿಡುವುದು ಕೈಗೆಲಸವನ್ನು.

ಈ ಕೈಗೆಲಸದ ಕಾಲವನ್ನೂ ಗಮನಿಸಬೇಕು. ಮಿಸ್ಸೂರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ ಹೆನ್ರಿ ಟಿಬ್ ಎಂಬ ಡಚ್ ಮೂಲದ ಮರಗೆಲಸಗಾರ ಬೆಂಡನ್ನು ಕಡೆದು ಮಾರತೊಡಗಿದ್ದು 1869ರಲ್ಲಿ. ಬೆಂಡಿನ ಮೈಗೆ ಗಾರೆ ಮೆತ್ತಿ ಗಟ್ಟಿಗೊಳಿಸುವ ವಿಧಾನಕ್ಕೆ ಹಕ್ಕುಪತ್ರ ದೊರೆತದ್ದು 1878ರಲ್ಲಿ. ಕಾದಂಬರಿ ಅಚ್ಚಾದದ್ದು ಈ ಎರಡು ವರ್ಷಗಳ ನಡುವೆ. ಅದು ನೆನೆಯುವುದು ಮಾತ್ರ ಅದಕ್ಕೆ ಮೂರು ದಶಕಗಳಷ್ಟು ಹಿಂದಿನ ಬಾಲ್ಯವನ್ನು. ಅಂದರೆ ಬೆಂಡಿನ ಪೈಪು ಅಂಗಡಿಯ ಸರಕಾಗುತ್ತಿದ್ದ ಹೊತ್ತಿನಲ್ಲಿ ಟ್ವೈನ್ ಅದನ್ನು ಹೊಲದಂಚಿನಲ್ಲಿ ಬಿದ್ದಿದ್ದ ವಸ್ತುವಿನಿಂದ ಬಯಲಲ್ಲಿ ಕುಳಿತು ಮಾಡಿಕೊಳ್ಳುವ ಸಾಧನವಾಗಿ ಚಿತ್ರಿಸುತ್ತಿದ್ದಾನೆ.

ಈಗ 16ನೆಯ ಅಧ್ಯಾಯ. ಟಾಮ್‌ಗೆ ಸೇದಲು ಕಲಿಯುವ ಆಸೆಯಾಗುತ್ತದೆ, ಜೋ ಕೂಡ ಜತೆಗೂಡುತ್ತಾನೆ, ಹಕ್ ಮಾಡಿ ತುಂಬಿಸಿ ಕೊಡುತ್ತಾನೆ. ಅವನ ಪಾಲಿನ ಕೆಲಸ ಅಷ್ಟಕ್ಕೇ ಮುಗಿಯಿತು. ಉಳಿದ ಪುಟಗಳನ್ನೆಲ್ಲ ತುಂಬುವುದು ಹೊಸಬರಿಬ್ಬರ ಬಡಾಯಿ. ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಕಲಿಯುತ್ತಿದ್ದೆವು ಎನ್ನುತ್ತಾರೆ. ಊರಿನ ಇನ್ನೊಬ್ಬ ಹುಡುಗನಾದರೆ ಎರಡು ದಮ್ಮಿಗೇ ಉರುಳಿಬೀಳುತ್ತಿದ್ದನೆಂದು ನಗುತ್ತಾರೆ. ಊರಿಗೆ ಮರಳಿದ ಮೇಲೆ ಗೆಳೆಯರ ಎದುರು ಏನೂ ವಿಶೇಷವಿಲ್ಲದವರಂತೆ ಪೈಪು ಕೇಳಿ ಹಚ್ಚುವ ನಾಟಕಕ್ಕೆ ಮಾತುಗಳನ್ನೂ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ಮಾತು ನಿಧಾನವಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಬೆರಳುಗಳಿಂದ ಪೈಪು ಜಾರುತ್ತದೆ. ಜೋಗೆ ತನ್ನ ಚಾಕು ಕಳೆದುಹೋದದ್ದು ಇದ್ದಕ್ಕಿದ್ದಂತೆ ನೆನಪಾಗುತ್ತದೆ. ಹುಡುಕಲು ನೆರವಾಗುತ್ತೇನೆಂದು ಟಾಮ್ ನೀರಿನ ಬುಗ್ಗೆಯ ಕಡೆ ಹೊರಡುತ್ತಾನೆ. ಹಕ್ ಬರಬೇಕಾಗಿಲ್ಲವೆಂದೂ ಅವನೇ ಹೇಳುತ್ತಾನೆ. ಒಂದು ಗಂಟೆ ಕಾದು ಬೇಸತ್ತ ಹಕ್ ಹುಡುಕಿಕೊಂಡು ಹೋದಾಗ ಅವರು ಕಾಡಿನಲ್ಲಿ ದೂರದೂರ ಮಲಗಿ ನಿದ್ರಿಸುತ್ತಿರುತ್ತಾರೆ.

ಈ ನಗೆ ಯಾರ ಮೇಲೆ? ಸೇದಿದವರ ಮೇಲೆ, ಮಾಡಿದವನ ಮೇಲೆ ಒಮ್ಮೆಯೂ ಅಲ್ಲ. ಹಕ್ ಅವರನ್ನು ಅಣಕಿಸುವುದಿಲ್ಲ. ರಾತ್ರಿಯ ಊಟವಾದ ಮೇಲೆ ತನ್ನದನ್ನು ಸಿದ್ಧಪಡಿಸಿ ಅವರಿಗೂ ಮಾಡಿಕೊಡಲು ಹೊರಡುತ್ತಾನೆ. ಮಧ್ಯಾಹ್ನ ತಿಂದದ್ದು ಒಗ್ಗಲಿಲ್ಲವೆಂದು ಅವರು ಹಿಂಜರಿದಾಗ ಆ ಮಾತನ್ನು ಬೆಳೆಸುವುದೂ ಇಲ್ಲ. ಮಾಡುವುದಕ್ಕೂ ಸೇದುವುದಕ್ಕೂ ನಡುವೆ ಪಠ್ಯ ಗೆರೆಯೆಳೆದಿದೆ. ಒಂದು ಸದ್ದಿಲ್ಲದ ಬಲ್ಲವಿಕೆ, ಇನ್ನೊಂದು ನೋಡುವವರಿಗಾಗಿ ನಡೆಸುವ ಪ್ರದರ್ಶನ. ಎರಡನ್ನೂ ‘ದುಶ್ಚಟ’ ಎಂಬ ಒಂದೇ ಚೀಲಕ್ಕೆ ಹಾಕುವ ಓದು ಈ ಗೆರೆಯನ್ನು ಅಳಿಸಿಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಕನ್ನಡದ ಓದುಗ ತನ್ನ ಭಾಷೆಯ ಕಾರಣದಿಂದಲೇ ಬೇಗ ಗುರುತಿಸಬಲ್ಲ. ಹುಡುಗರಿಗೆ ಹೊಟ್ಟೆ ತೊಳಸುವ ಕ್ಷಣವನ್ನು ಟ್ವೈನ್ ವರ್ಣಿಸುವುದು ಹೊಗೆಯ ಪ್ರತಿಮೆಗಳಿಂದಲ್ಲ, ನೀರಿನ ಪ್ರತಿಮೆಗಳಿಂದ. ಕೆನ್ನೆಗಳ ಒಳಗಿನ ರಂಧ್ರಗಳೆಲ್ಲ ನೀರು ಚಿಮ್ಮುವ ಬುಗ್ಗೆಗಳಾಗುತ್ತವೆ. ನಾಲಗೆಯ ಕೆಳಗೆ ನೆಲಮಾಳಿಗೆಗೆ ನುಗ್ಗಿದಂತೆ ನೀರು ತುಂಬುತ್ತದೆ. ಎಷ್ಟು ಬೇಗ ಮೊಗೆದು ಚೆಲ್ಲಿದರೂ ನೆರೆ ತಡೆಯಲಾಗದು. ಅಭ್ಯಾಸವಿಲ್ಲದ ದೇಹಕ್ಕೆ ನಿಕೋಟಿನ್ ಹೆಚ್ಚಾದಾಗ ಬಾಯಲ್ಲಿ ನೀರೂರುವುದು, ಮುಖ ಬಿಳಿಚುವುದು, ವಾಕರಿಕೆ ಬರುವುದು ವೈದ್ಯರು ಬಲ್ಲ ಲಕ್ಷಣಗಳೇ. ಹೊಗೆಯನ್ನು ಒಳಗೆ ಸೇದಲು ಹೋದವರು ಕೊನೆಗೆ ತಮ್ಮ ಬಾಯಿಂದ ನೀರು ಸೇದಬೇಕಾಗಿ ಬಂದದ್ದು ಅಧ್ಯಾಯದ ನಿಜವಾದ ವ್ಯಂಗ್ಯ.

‘ಸೇದು’ ಎಂಬ ಕ್ರಿಯಾಪದವನ್ನು ಈ ವಾಕ್ಯದಲ್ಲಿ ಎರಡು ಸಲ ಬಳಸಲು ನನಗೆ ಶ್ರಮಪಡಬೇಕಾಗಲಿಲ್ಲ. ಕನ್ನಡದಲ್ಲಿ ಬಾವಿಯಿಂದ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ನೆರೆಯ ಭಾಷೆಗಳಲ್ಲಿ ಈ ಜೋಡಣೆ ಹೀಗೆಯೇ ಇಲ್ಲ. ಆದವಾನಿ, ರಾಯದುರ್ಗಗಳ ಸುತ್ತಿನ ತೆಲುಗಿನಲ್ಲಿ ನೀರನ್ನು ‘ಚೇದು’ವುದುಂಟು, ಆದರೆ ಚುಟ್ಟವನ್ನು ‘ತಾಗು’ತ್ತಾರೆ ಅಥವಾ ‘ಕಾಲ್ಚು’ತ್ತಾರೆ, ಅಂದರೆ ಕುಡಿಯುತ್ತಾರೆ ಅಥವಾ ಸುಡುತ್ತಾರೆ. ಹೊಸೂರಿನ ತಮಿಳಿನಲ್ಲಿ ಹಿಡಿಯುವುದು, ಕಾಸರಗೋಡಿನ ಮಲಯಾಳದಲ್ಲಿ ಎಳೆಯುವುದು, ಸೊಲ್ಲಾಪುರ–ಜತ್ತದ ಮರಾಠಿಯಲ್ಲೂ ಎಳೆಯುವುದು. ಗಿಡದ ಹೆಸರಿನಲ್ಲಿ ಮಾತ್ರ ತೆಂಕಣ ಭಾಷೆಗಳು ಒಟ್ಟಿಗಿವೆ: ಕನ್ನಡದ ಹೊಗೆಸೊಪ್ಪು, ತಮಿಳಿನ ಪುಗೈಯಿಲೈ, ಮಲಯಾಳದ ಪುಕಯಿಲ, ತೆಲುಗಿನ ಪೊಗಾಕು. ಹೊರಗಿನಿಂದ ಬಂದ ಎಲೆಗೆ ಎಲ್ಲರೂ ಒಂದೇ ಬಗೆಯಲ್ಲಿ ಹೆಸರಿಟ್ಟು, ಅದರ ಬಳಕೆಯನ್ನು ಹೇಳುವಾಗ ಬೇರೆಬೇರೆ ದಾರಿ ಹಿಡಿದರು.

ಕ್ರಿಯಾಪದದಂತೆಯೇ ನಾಮಪದ. ‘ಚಿಲುಮೆ’ ಎಂದರೆ ನೆಲದಿಂದ ಉಕ್ಕುವ ನೀರು. ತುಮಕೂರಿನ ಬಳಿಯ ನಾಮದ ಚಿಲುಮೆಯನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ‘ಚಿಲುಮೆ’ ಎಂದರೆ ಹೊಗೆ ಸೇದುವ ಮಣ್ಣಿನ ಕೊಳವೆಯೂ ಹೌದು. ಮೊದಲನೆಯದು ದೇಶ್ಯ, ಎರಡನೆಯದು ಪಾರಸಿಯ ‘ಚಿಲಮ್’ ಕನ್ನಡದ ಕಿವಿಗೆ ಒಗ್ಗಿದ ರೂಪ. ಮೂಲಗಳು ಬೇರೆಯಾದರೂ ನಾಲಗೆಯ ಮೇಲೆ ಅವು ಒಂದಾಗಿವೆ. ‘ಪೈಪು’ ಎಂದು ಬರೆದರೆ ಇಂದಿನ ಕನ್ನಡದ ಮಗುವಿನ ಕಣ್ಣಿಗೆ ಬರುವುದು ನಲ್ಲಿಗೆ ಜೋಡಿಸುವ ಕೊಳವೆ. ಅಲ್ಲಿಯೂ ನೀರಿದೆ, ಆದರೆ ಅದು ಟ್ವೈನನ ನೀರಲ್ಲ.

ಹಾಗೆಂದು ‘ಚಿಲುಮೆ’ಯ ಆಯ್ಕೆ ನಿರ್ವಿವಾದವೇನಲ್ಲ. ಚಿಲುಮೆ ಕುಂಬಾರನ ಕೈಯಲ್ಲಿ ಹುಟ್ಟುತ್ತದೆ, ಆವಿಗೆಯಲ್ಲಿ ಬೇಯುತ್ತದೆ. ನೇರ ನಿಲ್ಲುವ ಕೊಳವೆ ಅದು. ಸೊಪ್ಪು ಜಾರದಂತೆ ಒಳಗೊಂದು ಸಣ್ಣ ಕಲ್ಲು, ಬುಡಕ್ಕೆ ಒದ್ದೆ ಬಟ್ಟೆ, ಎರಡು ಕೈಗಳ ಬೊಗಸೆಯ ಹಿಡಿತ. ಹಕ್‌ನ ವಸ್ತುವಿಗೆ ಕುಂಬಾರನಿಲ್ಲ, ಪಕ್ಕಕ್ಕೆ ಚಾಚಿದ ಕಡ್ಡಿಯಿದೆ. ಚಿಲುಮೆ ಎಂದಾಕ್ಷಣ ಓದುಗನ ಮನಸ್ಸಿನಲ್ಲಿ ಜಾತ್ರೆಯ ಸಾಧುವೊಬ್ಬ ಬಂದು ಕುಳಿತುಕೊಳ್ಳಬಹುದು, ಮಾಡಿದವನು ಮತ್ತೆ ಮರೆಯಾಗಬಹುದು. ಇದು ಗಂಭೀರವಾದ ಆಕ್ಷೇಪ. ಮೇಲೆ ನಾನು ಪಠ್ಯದ ಜೀವಾಳವೆಂದ ಗೆರೆಗೇ ಇದರಿಂದ ಪೆಟ್ಟು ಬೀಳುತ್ತದೆ.

ಉತ್ತರ ಹುಡುಕುವಾಗ ನಮ್ಮ ನೆಲದ ಹಳೆಯ ದಾಖಲೆಯೊಂದು ನೆರವಿಗೆ ಬರುತ್ತದೆ. ಜತ್ತ, ಅಕ್ಕಲಕೋಟೆಗಳ ನೆರೆಯ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಆಳುತ್ತಿದ್ದಾಗ ಮೊಗಲರ ದೂತನಾಗಿ ಬಂದಿದ್ದ ಅಸದ್ ಬೇಗ್, 17ನೆಯ ಶತಮಾನದ ಆರಂಭದಲ್ಲಿ ಅಲ್ಲಿಂದ ತಂಬಾಕನ್ನು ಅಕ್ಬರನ ಆಸ್ಥಾನಕ್ಕೆ ಒಯ್ದ. ತನ್ನ ಪಾರಸಿ ವೃತ್ತಾಂತದಲ್ಲಿ ಅವನು ಎಲೆಗಿಂತ ಹೆಚ್ಚಿನ ಮಮತೆಯಿಂದ ಬರೆಯುವುದು ಸೇದುವ ಸಾಧನವನ್ನು ತಾನು ಹೊಂದಿಸಿದ ಬಗೆಯನ್ನು: ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡು ತುದಿಗೂ ರತ್ನ, ಬಾಯಿಗಿಡಲು ಯೆಮೆನ್ನಿನ ಕೆಂಪು ಕಲ್ಲು, ಸೊಪ್ಪು ಉರಿಸಲು ಚಿನ್ನದ ಬಟ್ಟಲು, ಎಲ್ಲವನ್ನೂ ಇಡಲು ಬೆಳ್ಳಿಯ ತಟ್ಟೆ. ಚಕ್ರವರ್ತಿ ಕೆಲವು ದಮ್ಮು ಎಳೆದ; ವೈದ್ಯರು ತಡೆದರು; ಅವನು ಮುಂದುವರಿಸಲಿಲ್ಲ, ಅವನ ಸರದಾರರು ಮುಂದುವರಿಸಿದರು. ಅಸದ್ ಬೇಗನ ರತ್ನದ ಕೊಳವೆಗೂ ಹಕ್‌ನ ಬೆಂಡಿಗೂ ಸಾಮ್ಯವಿಲ್ಲ ಎನ್ನಬಹುದು. ಒಂದು ದೊರೆಯನ್ನು ಮೆಚ್ಚಿಸಲು ಮಾಡಿದ್ದು, ಇನ್ನೊಂದು ಯಾರನ್ನೂ ಮೆಚ್ಚಿಸಬೇಕಾಗಿಲ್ಲದ್ದು. ಆದರೆ ಎರಡೂ ಕಡೆ ಬರವಣಿಗೆಗೆ ಜೀವ ಬರುವುದು ಮಾಡುವ ಕ್ರಿಯೆಯಲ್ಲಿ, ಸಂದೇಹ ಹುಟ್ಟುವುದು ಸೇದುವ ಕ್ರಿಯೆಯಲ್ಲಿ. ವಸ್ತುವಿನ ರೂಪವನ್ನು ಓದುಗನ ಕಣ್ಣಿಗೆ ಕಟ್ಟುವ ಹೊಣೆ ಅದರ ಹೆಸರಿನದಲ್ಲ, ಕೈಗೆಲಸದ ವಿವರದ್ದು ಎಂಬ ಪಾಠ ಇಲ್ಲಿದೆ. ಅನುವಾದಕ 13ನೆಯ ಅಧ್ಯಾಯದ ನಾಲ್ಕು ಕ್ರಿಯಾಪದಗಳನ್ನು ಸರಿಯಾಗಿ ಹಿಡಿದರೆ, ಬೆಂಡು ಕಣ್ಣಿಗೆ ಕಂಡರೆ, ಆಮೇಲೆ ಬರುವ ‘ಚಿಲುಮೆ’ ಎಂಬ ಪದ ಕುಂಬಾರನನ್ನಾಗಲಿ ಸಾಧುವನ್ನಾಗಲಿ ಕರೆತರುವುದಿಲ್ಲ. ‘ಬೆಂಡಿನ ಚಿಲುಮೆ’ ಎಂದು ಒಮ್ಮೆ ಹೇಳಿದರೆ ಸಾಕು.

ಬಯಲಿಗೂ ಮನೆಗೂ ಇರುವ ಅಂತರ ಈ ಓದಿಗೆ ಇನ್ನೊಂದು ಆಧಾರ. 35ನೆಯ ಅಧ್ಯಾಯದಲ್ಲಿ ವಿಧವೆ ಡಗ್ಲಸ್‌ಳ ಮನೆ ಸೇರಿದ ಹಕ್‌ಗೆ ಸೇದಲು ಅಪ್ಪಣೆಯಿಲ್ಲ. ಅಲ್ಲಿಂದ ಓಡಿಬಂದವನು ಹಳೆಯ ಕಸಾಯಿಖಾನೆಯ ಹಿಂದಿನ ಪೀಪಾಯಿಯಲ್ಲಿ ಮತ್ತೆ ಚಿಲುಮೆ ಹಿಡಿದು ಮಲಗಿರುತ್ತಾನೆ. ಮುಂದಿನ ಕಾದಂಬರಿ ‘ಹಕಲ್‌ಬೆರಿ ಫಿನ್’ನ ಮೊದಲ ಅಧ್ಯಾಯದಲ್ಲಿ ಅವನೇ ಗಮನಿಸುವಂತೆ, ಹೊಗೆ ಹೊಲಸೆನ್ನುವ ಆ ವಿಧವೆ ತಾನು ಮಾತ್ರ ನಶ್ಯ ಏರಿಸುತ್ತಾಳೆ. ಎಲೆ ಅದೇ, ಮರ್ಯಾದೆ ಬೇರೆ. ತಾನೇ ಮಾಡಿಕೊಂಡ ಬೆಂಡು ಕೀಳು, ಕೊಂಡು ತಂದ ಡಬ್ಬಿ ಮೇಲು. ಇದನ್ನು ಕಾಣದ ಅನುವಾದಕ ಚಿಲುಮೆಯನ್ನು ಸಭ್ಯವಾದ ‘ಪೈಪು’ ಮಾಡಿದಾಗ ತಿಳಿಯದೆಯೇ ವಿಧವೆಯ ಪಕ್ಷ ವಹಿಸಿರುತ್ತಾನೆ.

ಉಳಿದದ್ದು ಕತ್ತರಿಯ ಪ್ರಶ್ನೆ. ಹೊಗೆಸೊಪ್ಪು ಮಕ್ಕಳಿಗೆ ವಿಷವೆಂಬುದರಲ್ಲಿ ಎರಡು ಮಾತಿಲ್ಲ, ಆ ಕಾಳಜಿ ಹಗುರವಾದುದೂ ಅಲ್ಲ. ಆದರೆ ಈ ಅಧ್ಯಾಯವನ್ನು ತೆಗೆದರೆ 13ನೆಯ ಅಧ್ಯಾಯದ ಅಸೂಯೆ ಉಳಿಯುತ್ತದೆ, ಅದರ ಫಲ ಉಳಿಯುವುದಿಲ್ಲ. ಹೊಗೆಯ ಸೆಳೆತ ಉಳಿಯುತ್ತದೆ, ಬಿಳಿಚಿದ ಮುಖ ಮಾಯವಾಗುತ್ತದೆ. ರಕ್ಷಿಸಲು ಹೊರಟ ಕತ್ತರಿ ಮಗುವಿಗೆ ಬೇಕಾದ ಭಾಗವನ್ನೇ ಕತ್ತರಿಸುತ್ತದೆ.

ಆದ್ದರಿಂದ ಅನುವಾದಕರ ಮುಂದೆ ನನ್ನ ಸೂಚನೆ ಇಷ್ಟು. ವಸ್ತುವಿಗೆ ‘ಚಿಲುಮೆ’, ಬಳಕೆಗೆ ‘ಸೇದು’. ಟಾಮ್ ಚಾಕು ಹುಡುಕುವ ನೆಪದಲ್ಲಿ ಹೋಗುವ ಜಾಗಕ್ಕೆ ‘ಒರತೆ’ ಎನ್ನಬೇಕು. ಅಲ್ಲಿ ಶ್ಲೇಷೆ ಮಾಡಿದರೆ ಅದು ನಮ್ಮ ಜಾಣ್ಮೆಯಾದೀತು, ಟ್ವೈನನದಲ್ಲ. ಆದರೆ ಹುಡುಗರ ಕೆನ್ನೆಯೊಳಗೆ ನೀರು ಉಕ್ಕುವ ಜಾಗದಲ್ಲಿ, ಪ್ರತಿಮೆ ಮೂಲದ್ದೇ ಆಗಿರುವುದರಿಂದ, ‘ಚಿಲುಮೆ’ಯನ್ನು ಎರಡನೆಯ ಅರ್ಥದಲ್ಲಿ ಧೈರ್ಯವಾಗಿ ಬರಮಾಡಿಕೊಳ್ಳಬಹುದು. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಗಡಿನಾಡಿನ ಮಗುವಿಗೆ ತನ್ನ ಕನ್ನಡದಿಂದ ಏನು ಪ್ರಯೋಜನವೆಂಬ ಪ್ರಶ್ನೆ ಹೊರಗಿನಿಂದ ಆಗಾಗ ಬೀಳುತ್ತಲೇ ಇರುತ್ತದೆ. ಕೈಯ ಚಿಲುಮೆ ಬಾಯ ಚಿಲುಮೆಯಾದದ್ದನ್ನು ಓದಿ ಆ ಮಗು ನಕ್ಕರೆ, ಆ ನಗೆ ಇಂಗ್ಲಿಷ್ ಮೂಲದಲ್ಲೂ ಸಿಗದದ್ದು.