ಪಾಲ್ಕಿಗುಂಡಿನ ಸವೆದ ಅಕ್ಷರ

ಕೊಪ್ಪಳದಲ್ಲಿ ಅಶೋಕನ ಎರಡು ಶಾಸನಗಳಿವೆ, ಗವಿಮಠದ ಬೆಟ್ಟದ ಮೇಲೊಂದು, ಪಾಲ್ಕಿಗುಂಡಿನಲ್ಲೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಒಕ್ಕಣೆ ಒಂದೇ, ಕಾಲ ಒಂದೇ. ಚಾಚಿದ ಬಂಡೆಯ ನೆರಳಲ್ಲಿರುವ ಗವಿಮಠದ ಬ್ರಾಹ್ಮಿ ಸಾಲುಗಳನ್ನು ಲಿಪಿ ಬಲ್ಲವರು ಇಂದಿಗೂ ಓದುತ್ತಾರೆ. ಪಾಲ್ಕಿಗುಂಡಿನವು ಬಹುಪಾಲು ಸವೆದಿವೆ. ಸವಕಳಿ ನೋಡಿ ವಯಸ್ಸು ಹೇಳಹೊರಟವನು ಎರಡನೆಯದನ್ನು ಎಷ್ಟೋ ಹಳೆಯದೆಂದು ತೀರ್ಪು ಕೊಟ್ಟಾನು.

ಭೂವಿಜ್ಞಾನ ಎಡವಿದ್ದೂ ಇಂಥ ಕಡೆಯೇ. ಭೂಮಿ ತಣ್ಣಗಾದ ಲೆಕ್ಕ ಹಿಡಿದು ಕೆಲ್ವಿನ್ 1862ರಲ್ಲಿ ಅದಕ್ಕೆ 2ರಿಂದ 40 ಕೋಟಿ ವರ್ಷ ಎಂದರು. ನದಿಗಳು ಕಡಲಿಗೆ ಹೊತ್ತ ಉಪ್ಪನ್ನು ಎಣಿಸಿ ಜಾನ್ ಜೋಲಿ 1899ರಲ್ಲಿ 9 ಕೋಟಿಯ ಆಸುಪಾಸಿಗೆ ಬಂದರು. ಗಣಿತ ಗಟ್ಟಿಯಾಗಿತ್ತು, ನಂಬಿದ ಗಡಿಯಾರವೇ ಸರಿಯಿರಲಿಲ್ಲ.

ಕೊಪ್ಪಳ, ಗಂಗಾವತಿಯ ಗುಂಡುಕಲ್ಲುಗಳ ವಯಸ್ಸನ್ನು ಈಗ ಅಳೆಯುವ ಗಡಿಯಾರ ಬೇರೆ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ದಕ್ಷಿಣದಿಂದ ಇಲ್ಲಿಯವರೆಗೂ ಪಟ್ಟಿಯಂತೆ ಹರಡಿದೆ. ಅದರೊಳಗೆ ಜಿರ್ಕಾನ್ ಎಂಬ ಮರಳುಕಾಳಿನಷ್ಟು ಸಣ್ಣ ಹರಳುಗಳಿವೆ. ಹುಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಆಮೇಲೆ ಸಿಗುವ ಸೀಸ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಮಳೆ, ಬಿಸಿಲು, ನೆರಳು ಯಾವುದೂ ಈ ವೇಗವನ್ನು ಬದಲಿಸದು. ಹೀಗೆ ಸಿಕ್ಕ ಉತ್ತರ ಸುಮಾರು 250 ಕೋಟಿ ವರ್ಷ.

ಇಷ್ಟಕ್ಕೇ ನಿಲ್ಲುವುದು ಈ ವಿದ್ಯೆಗೆ ಅನ್ಯಾಯ. ಆನೆಗೊಂದಿಯ ಕಡೆ ಬಂಡೆಗೆ ಮುಖವೊಡ್ಡಿ ಕೂತರೆ ಬೇರೊಂದು ಲೆಕ್ಕ ಕಾಣುತ್ತದೆ. ಹೆಬ್ಬೆರಳಗಲದ ನಸುಗೆಂಪು ಹರಳುಗಳ ನಡುವೆ ಕಪ್ಪುಕಲ್ಲಿನ ತುಣುಕು ಸಿಕ್ಕಿಕೊಂಡಿರುತ್ತದೆ. ಎರಡನ್ನೂ ಸೀಳಿಕೊಂಡು ಬಿಳಿ ಎಳೆಯೊಂದು ಹಾದಿರುತ್ತದೆ. ಸೀಳಿದ್ದು ಸೀಳಿಸಿಕೊಂಡದ್ದಕ್ಕಿಂತ ಕಿರಿಯದು. ಎಳೆಯೇ ಎಲ್ಲಕ್ಕಿಂತ ಈಚಿನದೆಂದು ಹೇಳಲು ಯಾವ ಯಂತ್ರವೂ ಬೇಡ, ಶಾಲೆಯ ಹುಡುಗಿಯೂ ಹೇಳಿಯಾಳು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಗಳನ್ನು ಸುತ್ತಿದ್ದು ಇಂಥ ಕಣ್ಣಿನ ಬಲದಿಂದಲೇ. 1876ರ ವರದಿಯಲ್ಲಿ ಅವರು ಕಲಾದಗಿ ಶಿಲೆಗಳನ್ನು ವಿವರಿಸಿದಾಗ ವಿಕಿರಣದ ಸುಳಿವೇ ಜಗತ್ತಿಗಿರಲಿಲ್ಲ. ಕೆಳಗೆ ಗ್ರಾನೈಟ್ ಮತ್ತು ಅದರ ಬಳಗದ ಪ್ರಾಚೀನ ಶಿಲೆ, ಮೇಲೆ ಕಲಾದಗಿಯ ಪದರ ಎಂಬ ಆ ಕ್ರಮ ಇಂದಿಗೂ ಅಲುಗಿಲ್ಲ. ಕೆಲ್ವಿನ್, ಜೋಲಿಯವರ ಅಂಕಿಗಳು ಬಿದ್ದುಹೋದವು, ನಡೆದು ನೋಡಿದವನ ಕ್ರಮ ಉಳಿಯಿತು. ಈ ಶಾಸ್ತ್ರದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ.

ಅದರ ಮಿತಿ ಕಾಣಬೇಕಾದರೆ ಕುಷ್ಟಗಿ ತಾಲ್ಲೂಕಿನ ವಾಯವ್ಯದ ಅಂಚಿಗೆ, ಮರಳುಗಲ್ಲಿನ ಸೀಮೆಗೆ ಬರಬೇಕು. ಬಾದಾಮಿಯ ಕೆಂಪು ಬಂಡೆಗಳ ಬಳಗವಿದು. ಮರಳುಗಲ್ಲಿನಲ್ಲೂ ಜಿರ್ಕಾನ್ ಸಿಗುತ್ತದೆ, ಆದರೆ ಅದು ಎಲ್ಲೋ ಸವೆದ ಹಳೆಯ ಬೆಟ್ಟದಿಂದ ಹರಿದು ಬಂದ ಕಾಳು. ಹೊಸ ಮನೆಗೆ ಹಾಕಿದ ಹಳೆಯ ತೊಲೆಯಿದ್ದಂತೆ: ಮನೆ ತೊಲೆಗಿಂತ ಹಿಂದಿನದಲ್ಲ ಎಂದಷ್ಟೇ ಅದು ಸಾಕ್ಷಿ ನುಡಿದೀತು. ನಡುವೆ ಜ್ವಾಲಾಮುಖಿಯ ಬೂದಿಯ ಪದರವಿದ್ದರೆ ನೇರ ವಯಸ್ಸು ಸಿಗುತ್ತದೆ. ಅದಿಲ್ಲದ ಕಡೆ ಅಂದಾಜು ಹತ್ತಾರು ಕೋಟಿ ವರ್ಷ ಹಿಗ್ಗಿ ಕುಗ್ಗುತ್ತದೆ. ಗ್ರಾನೈಟ್ ಆಳದಲ್ಲಿ ಹೆಪ್ಪುಗಟ್ಟಿ, ಮೇಲಿನ ಹೊದಿಕೆ ಸವೆದು, ಬಯಲಾದ ನೆಲದ ಮೇಲೆ ಮರಳು ಬಂದು ಕೂತ ಆ ಅಂತರದ ಪುಟಗಳು ಹರಿದೇ ಹೋಗಿವೆ.

ಇದನ್ನು ಭೂವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ, ಪ್ರತಿ ವಯಸ್ಸಿನ ಪಕ್ಕ ಹೆಚ್ಚುಕಡಿಮೆಯ ಅಂಕಿಯನ್ನೂ ಕೊಡುತ್ತಾರೆ. ಜನರಿಗೆ ತಲುಪುವ ಹೊತ್ತಿಗೆ ಆ ಪಕ್ಕದ ಅಂಕಿ ಉದುರಿ, 250 ಕೋಟಿ ಎಂಬ ಬೆರಗು ಮಾತ್ರ ಉಳಿಯುತ್ತದೆ. ಯಾವ ಬಂಡೆ, ಯಾವ ಹರಳು, ಹೇಗೆ ತಿಳಿಯಿತು ಎಂಬುದು ಕನ್ನಡದಲ್ಲಿ ಬಂದರೆ ಯಲಬುರ್ಗಾದ ಓದುಗರು ತಮ್ಮ ಹೊಲದ ಬದುವಿನ ಕಲ್ಲನ್ನೇ ಪರೀಕ್ಷಿಸಿಯಾರು.

ಹೀಗೆ ಬರೆಯುವ ಅವಸರಕ್ಕೂ ಕಾರಣವಿದೆ. ಇಳಕಲ್, ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ಚಪ್ಪಡಿಯಾಗಿ ದೂರದೂರಕ್ಕೆ ಹೋಗುತ್ತಿದೆ. ಪಾಲಿಶ್ ಹೊಡೆದ ನೆಲದಲ್ಲಿ ಕಪ್ಪು ತುಣುಕೂ ಅದನ್ನು ಸೀಳಿದ ಎಳೆಯೂ ಗುಡ್ಡದಲ್ಲಿದ್ದುದಕ್ಕಿಂತ ಚೆನ್ನಾಗಿಯೇ ಕಾಣುತ್ತವೆ. ಆ ಎಳೆ ಯಾವ ದಿಕ್ಕಿಗೆ ಓಡಿತ್ತು, ಪಕ್ಕದ ಬಂಡೆಯಲ್ಲಿ ಎಲ್ಲಿ ಕೊನೆಗೊಂಡಿತ್ತು ಎಂಬುದನ್ನು ಮಾತ್ರ ಕ್ವಾರಿಯ ಗುಂಡಿಯಲ್ಲಿ ಹುಡುಕಬೇಕು. ಅಲ್ಲೀಗ ಮಳೆನೀರು ನಿಂತಿದೆ.