ಮರೆಯಾದ ಮೆಟ್ಟಿಲುಗಳು



ಹತ್ತನೆಯ ತರಗತಿಯ ಹೊಸ್ತಿಲಲ್ಲಿ ನಿಂತ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ನಮ್ಮ ಮಗುವಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ." ಈ ತೀರ್ಪನ್ನು ನಾವು ಎಷ್ಟು ಸಲೀಸಾಗಿ ನೀಡುತ್ತೇವೆ, ಅದರ ಬೆಲೆಯನ್ನು ತೆರುವವರು ಯಾರು ಎಂದು ಚಿಂತಿಸಲು 1988ರಲ್ಲಿ ತೆರೆಕಂಡ 'ಸ್ಟ್ಯಾಂಡ್ ಅಂಡ್ ಡೆಲಿವರ್' ಎಂಬ ಅಮೆರಿಕದ ಚಲನಚಿತ್ರ ನೆರವಾಗುತ್ತದೆ. ಚಿತ್ರ ಮನಮುಟ್ಟುವಂಥದ್ದು. ಆದರೆ ಅದು ಹೇಳದೆ ಬಿಟ್ಟ ಸಂಗತಿಯೇ ಹೆತ್ತವರಾದ ನಿಮಗೆ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ.

ರಮೋನ್ ಮೆನೆಂಡೆಸ್ ನಿರ್ದೇಶಿಸಿದ ಈ ಚಿತ್ರಕ್ಕೆ ನಿಜಜೀವನದ ಆಧಾರವಿದೆ. ಹೈಮೆ ಎಸ್ಕಲಾಂಟೆ ಬೊಲಿವಿಯಾ ದೇಶದಿಂದ ವಲಸೆ ಬಂದ ಶಿಕ್ಷಕರು. 1974ರಲ್ಲಿ ಅವರು ಈಸ್ಟ್ ಲಾಸ್ ಏಂಜಲೀಸ್ ಪ್ರದೇಶದಲ್ಲಿರುವ ಗಾರ್‌ಫೀಲ್ಡ್ ಪ್ರೌಢಶಾಲೆಯನ್ನು ಸೇರಿದರು. ಅಲ್ಲಿ ಓದುತ್ತಿದ್ದವರಲ್ಲಿ ಬಹುಪಾಲು ಮಂದಿ ಮೆಕ್ಸಿಕೋ ಮೂಲದ ದುಡಿಯುವ ಕುಟುಂಬಗಳ ಮಕ್ಕಳು. 1982ರಲ್ಲಿ ಅವರ 18 ಮಂದಿ ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕಲನಶಾಸ್ತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಪರೀಕ್ಷೆ ನಡೆಸಿದ ಸಂಸ್ಥೆ ಅವರಲ್ಲಿ 14 ಮಂದಿಯ ಉತ್ತರಗಳನ್ನು ಸಂಶಯಿಸಿತು. 12 ಮಂದಿ ಮರುಪರೀಕ್ಷೆ ಬರೆದರು. ಹನ್ನೆರಡೂ ಮಂದಿ ಮತ್ತೆ ತೇರ್ಗಡೆಯಾದರು.

ಎಸ್ಕಲಾಂಟೆಯವರ ಪಾತ್ರದಲ್ಲಿ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅವರ ಅಭಿನಯ ಅಪೂರ್ವವಾದುದು. ಅಡುಗೆಯವನ ಟೋಪಿ ತೊಟ್ಟು ಕತ್ತಿ ಹಿಡಿದು, ಸೇಬುಗಳನ್ನು ಕಡಿದು ಭಿನ್ನರಾಶಿಯನ್ನು ಕಲಿಸುವ ದೃಶ್ಯ, ಒರಟು ಹುಡುಗನೊಬ್ಬನಿಗೆ ಕೈಬೆರಳುಗಳಲ್ಲೇ ಒಂಬತ್ತರ ಮಗ್ಗಿಯನ್ನು ತೋರಿಸುವ ದೃಶ್ಯ ಇವು ನೆನಪಿನಲ್ಲಿ ಉಳಿಯುತ್ತವೆ. ಕಲಿಯಲು ಬೇಕಾದುದು ಛಲವೊಂದೇ ಎಂಬುದು ಚಿತ್ರದ ಸಂದೇಶ. ನನ್ನ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ.

ಅಮೆರಿಕದ ಪ್ರೌಢಶಾಲೆಗಳಲ್ಲಿ ಗಣಿತವು ಒಂದರ ಮೇಲೊಂದು ಇಟ್ಟ ಮೆಟ್ಟಿಲುಗಳಂತೆ ಇರುತ್ತದೆ. ಬೀಜಗಣಿತ, ರೇಖಾಗಣಿತ, ಮತ್ತೆ ಮುಂದುವರಿದ ಬೀಜಗಣಿತ, ಬಳಿಕ ತ್ರಿಕೋನಮಿತಿಯೂ ಸೇರಿದ ಕಲನಶಾಸ್ತ್ರದ ಪೂರ್ವಸಿದ್ಧತೆ, ಕೊನೆಗೆ ಕಲನಶಾಸ್ತ್ರ. ಸಾಮಾನ್ಯವಾಗಿ ಒಂದೊಂದಕ್ಕೆ ಒಂದೊಂದು ವರ್ಷ. ಎಂಟನೆಯ ತರಗತಿಯಲ್ಲಿ ಬೀಜಗಣಿತ ಆರಂಭಿಸಿದ ಮಗು ಹನ್ನೆರಡನೆಯ ತರಗತಿಯಲ್ಲಿ ಕಲನಶಾಸ್ತ್ರವನ್ನು ತಲುಪುತ್ತದೆ. 'ನಿನಗೆ ಸಾದಾ ಲೆಕ್ಕ ಸಾಕು' ಎಂದು ಕೆಳಗಿನ ವಿಭಾಗಕ್ಕೆ ಕಳುಹಿಸಲ್ಪಟ್ಟ ಮಗುವಿಗೆ ವರ್ಷಗಳೇ ಸಾಲದೆ ಹೋಗುತ್ತವೆ. ಹದಿಮೂರರ ಪ್ರಾಯದಲ್ಲಿ ಮಾಡಿದ ವಿಂಗಡಣೆ ಹದಿನೆಂಟರಲ್ಲಿ ತೆರೆಯಬೇಕಾದ ಬಾಗಿಲನ್ನು ಮುಚ್ಚಿಬಿಡುತ್ತದೆ.

ಚಿತ್ರದಲ್ಲಿ ಭಿನ್ನರಾಶಿಯಲ್ಲೇ ಎಡವುತ್ತಿದ್ದ ಮಕ್ಕಳು ರಜೆಯ ಕಠಿಣ ಪಾಠಗಳ ನಂತರ ಮರುವರ್ಷವೇ ಕಲನಶಾಸ್ತ್ರಕ್ಕೆ ಏರುತ್ತಾರೆ. ವಾಸ್ತವದಲ್ಲಿ ಹಾಗೆ ಆಗಲಿಲ್ಲ. ಎಸ್ಕಲಾಂಟೆ ಶಾಲೆಗೆ ಬಂದು ನಾಲ್ಕು ವರ್ಷಗಳ ನಂತರ, 1978ರಲ್ಲಿ, ಮೊದಲ ಕಲನಶಾಸ್ತ್ರ ತರಗತಿ ಆರಂಭವಾದಾಗ ಅದರಲ್ಲಿ ಇದ್ದವರು ಐವರೇ. ಜೊತೆಗೆ ಬೆನ್ ಹಿಮೆನೆಸ್ ಎಂಬ ಸಹಶಿಕ್ಷಕರು ದುಡಿದರು. ಮುಖ್ಯೋಪಾಧ್ಯಾಯ ಹೆನ್ರಿ ಗ್ರಾಡಿಯಾಸ್ ಸಾದಾ ಲೆಕ್ಕದ ತರಗತಿಗಳನ್ನು ಕಡಿಮೆ ಮಾಡಿ ಬೀಜಗಣಿತಕ್ಕೆ ದಾರಿ ತೆರೆದರು. 1982ರ ಯಶಸ್ಸಿನ ಹಿಂದೆ ಹೀಗೆ ವರ್ಷಗಳ ಕಾಲ ಕಟ್ಟಿದ ಮೆಟ್ಟಿಲುಗಳಿದ್ದವು. ಚಿತ್ರದ ಕೊನೆಯಲ್ಲಿ ತೇರ್ಗಡೆಯಾದವರ ಸಂಖ್ಯೆ 1982ರ 18ರಿಂದ 1987ರ 87ಕ್ಕೆ ಏರಿದುದನ್ನು ತೋರಿಸುತ್ತಾರೆ. ಹೇಗೆ ಏರಿತೆಂಬುದನ್ನು ತೋರಿಸುವುದಿಲ್ಲ. 1991ರಲ್ಲಿ ಎಸ್ಕಲಾಂಟೆ ಆ ಶಾಲೆಯನ್ನು ಬಿಟ್ಟರು. ಅನಂತರ ಆ ಸಂಖ್ಯೆ ಇಳಿಯಿತು. ಮಕ್ಕಳ ಛಲ ಒಮ್ಮೆಲೇ ಬತ್ತಿಹೋಯಿತೇ? ಇಲ್ಲ, ಮೆಟ್ಟಿಲುಗಳನ್ನು ಕಾಯುವವರು ಇಲ್ಲವಾದರು.

ಇನ್ನೊಂದು ಕೊರತೆಯೂ ಇದೆ. ಚಿತ್ರದ ಗಣಿತ ವಿಭಾಗದ ಮುಖ್ಯಸ್ಥೆ, ಎತ್ತರದ ಗುರಿಯಿಟ್ಟು ಸೋತರೆ ಈ ಮಕ್ಕಳಲ್ಲಿ ಉಳಿದಿರುವ ಅಲ್ಪ ಆತ್ಮವಿಶ್ವಾಸವೂ ನಾಶವಾದೀತೆಂದು ಎಚ್ಚರಿಸುತ್ತಾಳೆ. ಚಿತ್ರ ಆಕೆಯನ್ನು ಅಡ್ಡಗಾಲು ಹಾಕುವವಳಂತೆ ಕಾಣಿಸಿ ಮುಂದೆ ಸಾಗುತ್ತದೆ. ಆದರೆ ಆಕೆಯ ಭಯ ಸುಳ್ಳಲ್ಲ. ಭಿನ್ನರಾಶಿ ಬಾರದ ಮಗುವನ್ನು ಬೀಜಗಣಿತದ ತರಗತಿಯಲ್ಲಿ ಸುಮ್ಮನೆ ಕೂರಿಸಿದರೆ ಅದು ನ್ಯಾಯವೆನಿಸದು. ಆಕೆ ಎಡವಿದ್ದು ಪರಿಹಾರದಲ್ಲಿ: ಆಸರೆಯನ್ನು ಹೆಚ್ಚಿಸುವ ಬದಲು ಗುರಿಯನ್ನು ತಗ್ಗಿಸಿದಳು.

ನಮ್ಮ ನಾಡಿನ ಕುಟುಂಬಗಳಿಗೂ ಈ ಪ್ರಶ್ನೆ ಎದುರಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರಿಗೂ ಒಂದೇ ಗಣಿತ ಪತ್ರಿಕೆ. ಆದರೆ ಸಿಬಿಎಸ್ಇ ಮಂಡಳಿ 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತದಲ್ಲಿ 'ಸ್ಟ್ಯಾಂಡರ್ಡ್' ಮತ್ತು 'ಬೇಸಿಕ್' ಎಂಬ ಎರಡು ಪತ್ರಿಕೆಗಳನ್ನು ತಂದಿತು. ಪಠ್ಯವೂ ಪಾಠವೂ ಒಂದೇ. ಪ್ರಶ್ನೆಪತ್ರಿಕೆಯ ಕಾಠಿಣ್ಯ ಮಾತ್ರ ಬೇರೆ. ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಉಳಿಸಿಕೊಂಡದ್ದು ವಿವೇಕದ ನಡೆ. ಆದರೆ ಮೂಲ ನಿಯಮದ ಪ್ರಕಾರ ಬೇಸಿಕ್ ಬರೆದವರು ಮುಂದೆ ಗಣಿತವನ್ನೇ ಓದಬೇಕಾದರೆ ಸ್ಟ್ಯಾಂಡರ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ತರುವಾಯ ಮಂಡಳಿಯೇ ಇದನ್ನು ಸಡಿಲಿಸಿತು. ಮುಚ್ಚಿದ ಬಾಗಿಲನ್ನು ತೆರೆಯಬೇಕೆಂಬುದು ಅದಕ್ಕೂ ಮನವರಿಕೆಯಾದಂತಿದೆ. ಇನ್ನು ಅಂಕಗಳ ಮೇಲೆ 'ಎ' ವಿಭಾಗ, 'ಬಿ' ವಿಭಾಗ ಎಂದು ಮಕ್ಕಳನ್ನು ಬೇರ್ಪಡಿಸುವ ಶಾಲೆಗಳಿಗೆ ಯಾವ ಮಂಡಳಿಯ ಸುತ್ತೋಲೆಯೂ ಬೇಕಾಗಿಲ್ಲ.

ಆದುದರಿಂದ, ಪ್ರಿಯ ಹೆತ್ತವರೇ, ನಿಮ್ಮ ಮಗುವನ್ನು ಸುಲಭದ ವಿಭಾಗಕ್ಕೆ ಸೇರಿಸುವ ಮಾತು ಬಂದಾಗ ಸಿಟ್ಟಾಗಬೇಡಿ, ತಲೆಬಾಗಿಯೂ ಬರಬೇಡಿ. ಮೂರು ಪ್ರಶ್ನೆಗಳನ್ನು ಕೇಳಿ: ನನ್ನ ಮಗು ಎಡವುತ್ತಿರುವುದು ನಿಖರವಾಗಿ ಯಾವ ಪಾಠದಲ್ಲಿ? ಅದನ್ನು ತುಂಬಿಕೊಡುವವರು ಯಾರು, ವಾರದಲ್ಲಿ ಎಷ್ಟು ಗಂಟೆ? ಅಲ್ಲಿಂದ ಮೇಲೇರುವ ದಾರಿ ಯಾವುದು, ಯಾವಾಗ? ಉತ್ತರ ದೊರೆತರೆ ಆ ವಿಭಾಗ ಮಗುವಿಗೆ ವಿಶ್ರಮಿಸಿ ಮುಂದೆ ಸಾಗುವ ತಂಗುದಾಣವಾದೀತು. ದೊರೆಯದಿದ್ದರೆ ಅದು ಮಗುವನ್ನು ಮರೆತುಬಿಡುವ ಮೂಲೆ.

ಚಿತ್ರವನ್ನು ಮಕ್ಕಳೊಂದಿಗೆ ಕುಳಿತು ಅವಶ್ಯವಾಗಿ ನೋಡಿ. ನೋಡಿದ ಮೇಲೆ ಮಕ್ಕಳಿಗೆ ಛಲದ ಉಪದೇಶ ಮಾಡುವ ಮೊದಲು, ಅವರ ಕಾಲ ಕೆಳಗೆ ಮೆಟ್ಟಿಲಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.